ಬೈಗುಳದಿಂದ ಬಿರುದಿಗೆ: ಹ್ಯಾಮ್ ರೇಡಿಯೋದ ಮಾತುಗಳು

ಬೀದಿ ಕ್ರಿಕೆಟ್ಟಿನ ‘ಒನ್ ಪಿಚ್ ಕ್ಯಾಚ್’ ಎಂಬ ಮಾತು ನಿಮಗೆ ಗೊತ್ತಿರಬೇಕು. ಒಮ್ಮೆ ನೆಲಕ್ಕೆ ಪುಟಿದ ಚೆಂಡನ್ನು ಹಿಡಿದರೂ ಆಟಗಾರ ಔಟ್ ಎಂದು ಅದರ ಅರ್ಥ. ಕ್ರಿಕೆಟ್ಟಿನ ಯಾವ ನಿಯಮಪುಸ್ತಕದಲ್ಲೂ ಅದು ಇಲ್ಲ. ಕಿರಿದಾದ ರಸ್ತೆಯಲ್ಲಿ, ಅಕ್ಕಪಕ್ಕದ ಕಿಟಕಿ ಗಾಜುಗಳ ನಡುವೆ ಆಡುವವರಿಗೆ ಮಾತ್ರ ಬೇಕಾದ ಮಾತು ಅದು. ಹೊಸದಾಗಿ ಆ ಬೀದಿಗೆ ಬಂದ ಹುಡುಗ ‘ಹಾಗೆಂದರೇನು?’ ಎಂದು ಕೇಳಿದರೆ ಉಳಿದವರು ಮುಸಿಮುಸಿ ನಗುತ್ತಾರೆ. ಎರಡೇ ದಿನದಲ್ಲಿ ಅವನೂ ಅದೇ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೂಗತೊಡಗುತ್ತಾನೆ.

ಹವ್ಯಾಸಗಳ ಭಾಷೆ ಹೀಗೆಯೇ. ಅಂಚೆಚೀಟಿ ಸಂಗ್ರಹಿಸುವವರು, ಚಾರಣ ಹೋಗುವವರು, ಛಾಯಾಚಿತ್ರ ತೆಗೆಯುವವರು ಎಲ್ಲರಿಗೂ ತಮ್ಮದೇ ಆದ ಮಾತುಗಳಿವೆ. ಅವುಗಳಲ್ಲಿ ಕೆಲವನ್ನು ಅವರು ಮುದ್ದಿಸುತ್ತಾರೆ, ಇನ್ನು ಕೆಲವನ್ನು ಕೇಳಿದರೆ ಹಲ್ಲು ಕಡಿಯುತ್ತಾರೆ. ಇಂಥ ಮಾತುಗಳ ಚರಿತ್ರೆಯನ್ನು ಬಲು ದೂರದವರೆಗೆ ಹಿಂಬಾಲಿಸಲು ಸಾಧ್ಯವಾಗುವ ಹವ್ಯಾಸವೊಂದಿದೆ. ಅದು ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿ ರೇಡಿಯೋ. ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಲೈಸೆನ್ಸು ಪಡೆದು, ತಮಗೆಂದೇ ಗೊತ್ತುಪಡಿಸಿದ ಕರೆಸಂಕೇತದೊಡನೆ, ಯಾವ ಸಂಪಾದನೆಯ ಉದ್ದೇಶವೂ ಇಲ್ಲದೆ ರೇಡಿಯೋ ಮೂಲಕ ಮಾತನಾಡುವವರು ಈ ಹ್ಯಾಮ್‌ಗಳು. ಭಾರತದ ಹ್ಯಾಮ್‌ಗಳ ಕರೆಸಂಕೇತ ಸಾಮಾನ್ಯವಾಗಿ ‘ವಿ.ಯು.’ ಎಂಬ ಅಕ್ಷರಗಳಿಂದ ಮೊದಲಾಗುತ್ತದೆ. ಇವರ ಮಾತುಕತೆಯನ್ನು ಕೇಳಿದ ಹೊಸಬರಿಗೆ ಇದು ಇಂಗ್ಲಿಷೋ ಗುಟ್ಟಿನ ಭಾಷೆಯೋ ಎಂಬ ಅನುಮಾನ ಬರುವುದು ಸಹಜ.

ಮೊದಲಿಗೆ ‘ಹ್ಯಾಮ್’ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಇದರ ಬಗ್ಗೆ ಎರಡು ಕಥೆಗಳು ಪ್ರಚಾರದಲ್ಲಿವೆ. ಹರ್ಟ್ಸ್, ಆರ್ಮ್‌ಸ್ಟ್ರಾಂಗ್, ಮಾರ್ಕೋನಿ ಎಂಬ ಮೂವರು ರೇಡಿಯೋ ವಿಜ್ಞಾನಿಗಳ ಹೆಸರಿನ ಮೊದಲಕ್ಷರಗಳು ಸೇರಿ ಈ ಪದವಾಯಿತು ಎನ್ನುವುದು ಒಂದು. ಹಾರ್ವರ್ಡ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳ ಹೆಸರಿನಿಂದ ಬಂತು ಎನ್ನುವುದು ಇನ್ನೊಂದು. ಎರಡೂ ಕೇಳಲು ಇಂಪು, ಆದರೆ ಎರಡೂ ನಿಲ್ಲುವುದಿಲ್ಲ. ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1890ರಲ್ಲಿ. ಅವರ ಹೆಸರು ಜಗತ್ತಿಗೆ ತಿಳಿಯುವ ಮೊದಲೇ ಅಮೆರಿಕದ ತಂತಿ ಕಚೇರಿಗಳಲ್ಲಿ ‘ಹ್ಯಾಮ್’ ಎಂಬ ಮಾತು ಓಡಾಡುತ್ತಿತ್ತು. ಅಲ್ಲಿ ಅದು ಬೈಗುಳ. ಮೋರ್ಸ್ ಸಂಕೇತವನ್ನು ಸರಿಯಾಗಿ ಬಡಿಯಲು ಬಾರದ, ಕಳಿಸಿದ್ದನ್ನು ಸರಿಯಾಗಿ ಬರೆದುಕೊಳ್ಳಲಾರದ ಕಳಪೆ ತಂತಿ ನೌಕರನಿಗೆ ‘ಹ್ಯಾಮ್’ ಎನ್ನುತ್ತಿದ್ದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಿಸ್ತಂತು ಯಂತ್ರಗಳು ಬಂದವು. ಶಾಲೆ ಕಾಲೇಜುಗಳ ಹುಡುಗರು ತಾವೇ ತಂತಿ ಸುತ್ತಿ, ಕಿಡಿ ಹಾರಿಸುವ ಪ್ರೇಷಕಗಳನ್ನು ಕಟ್ಟಿ ಮನೆಯ ಅಟ್ಟದಿಂದ ಸಂಕೇತ ಕಳಿಸತೊಡಗಿದರು. ಆ ಕಾಲದ ಕಿಡಿ ಪ್ರೇಷಕಗಳಿಗೆ ಒಂದು ದೋಷವಿತ್ತು. ಅವುಗಳ ತರಂಗ ಒಂದೇ ಆವರ್ತನದಲ್ಲಿ ಅಚ್ಚುಕಟ್ಟಾಗಿ ನಿಲ್ಲದೆ ಅಗಲಕ್ಕೆ ಹರಡಿಕೊಳ್ಳುತ್ತಿತ್ತು. ಸಂತೆಯಲ್ಲಿ ಒಬ್ಬ ಡೋಲು ಬಡಿದರೆ ಉಳಿದವರ ಮಾತು ಕೇಳಿಸದಿರುವ ಹಾಗೆ. ಹಡಗುಗಳೊಡನೆ ಸಂದೇಶ ವಿನಿಮಯ ಮಾಡುತ್ತಿದ್ದ ವೃತ್ತಿನಿರತರಿಗೆ ಈ ಹುಡುಗರಿಂದ ರೋಸಿಹೋಯಿತು. ಹಳೆಯ ಬೈಗುಳ ಅವರ ಮೇಲೂ ಬಿತ್ತು. ಹುಡುಗರು ಮಾಡಿದ್ದೇನು? ಆ ಬೈಗುಳವನ್ನೇ ಎತ್ತಿ ತಲೆಯ ಮೇಲಿಟ್ಟುಕೊಂಡರು. ‘ಹೌದು, ನಾವು ಹ್ಯಾಮ್‌ಗಳೇ’ ಎಂದರು.

1912ರ ಅಮೆರಿಕದ ಕಾನೂನು ಇವರನ್ನು 200 ಮೀಟರು ಮತ್ತು ಅದಕ್ಕಿಂತ ಕಿರಿದಾದ ತರಂಗಾಂತರಗಳಿಗೆ ತಳ್ಳಿತು. ದೂರಸಂಪರ್ಕಕ್ಕೆ ಅವು ಕೆಲಸಕ್ಕೆ ಬಾರದವು ಎಂಬುದು ಅಂದಿನ ತಜ್ಞರ ಅಭಿಪ್ರಾಯ. ಆದರೆ 1923ರ ನವೆಂಬರಿನಲ್ಲಿ ಫ್ರಾನ್ಸಿನ ಲಿಯೋನ್ ಡೆಲಾಯ್ ಮತ್ತು ಅಮೆರಿಕದ ಫ್ರೆಡ್ ಷ್ನೆಲ್ ಎಂಬ ಇಬ್ಬರು ಹ್ಯಾಮ್‌ಗಳು ನೂರು ಮೀಟರಿನ ಆಸುಪಾಸಿನ ಅಲೆಗಳಲ್ಲಿ ಅಟ್ಲಾಂಟಿಕ್ ಸಾಗರದ ಆಚೀಚೆ ಸಂಭಾಷಣೆ ನಡೆಸಿಬಿಟ್ಟರು. ಮುಂದೆ ಶಾರ್ಟ್‌ವೇವ್ ಪ್ರಸಾರವೆಂದು ಇಡೀ ಜಗತ್ತು ಬಳಸಿದ್ದು ತಜ್ಞರು ಎಸೆದುಬಿಟ್ಟಿದ್ದ ಈ ತರಂಗಗಳನ್ನೇ. ಬೈಗುಳ ಬಿರುದಾದದ್ದು ಸುಮ್ಮನೆ ಅಲ್ಲ.

ಇನ್ನು ‘73’ ಎಂಬ ಸಂಖ್ಯೆಗೆ ಬರೋಣ. ಹ್ಯಾಮ್‌ಗಳು ಮಾತು ಮುಗಿಸುವಾಗ ‘73’ ಎನ್ನುತ್ತಾರೆ. ‘ನಿಮಗೆ ನನ್ನ ಶುಭಾಶಯಗಳು’ ಎಂದು ಅದರ ಅರ್ಥ. ಇದು ರೇಡಿಯೋಗಿಂತ ಹಳೆಯದು. 1857ರ ಸುಮಾರಿಗೆ ಅಮೆರಿಕದ ತಂತಿ ನೌಕರರ ನಡುವೆ ಈ ಸಂಖ್ಯೆಗೆ ‘ನಿನಗೆ ನನ್ನ ಪ್ರೀತಿ’ ಎಂಬ ಅರ್ಥವಿತ್ತು. 1859ರಲ್ಲಿ ವೆಸ್ಟರ್ನ್ ಯೂನಿಯನ್ ಎಂಬ ತಂತಿ ಕಂಪನಿ ಸಾಮಾನ್ಯ ಒಕ್ಕಣೆಗಳಿಗೆಲ್ಲ ಸಂಖ್ಯೆಗಳನ್ನು ಕೊಟ್ಟು ಒಂದು ಪಟ್ಟಿ ಮಾಡಿತು. ಅದರಲ್ಲಿ 1 ಎಂದರೆ ‘ಸ್ವಲ್ಪ ತಾಳು’, 30 ಎಂದರೆ ‘ಮುಗಿಯಿತು’. 73 ಸ್ವಲ್ಪ ಗಂಭೀರವಾಗಿ ‘ನನ್ನ ಗೌರವಗಳು’ ಆಯಿತು. ಆ 30 ಅಮೆರಿಕದ ಪತ್ರಿಕಾ ಕಚೇರಿಗಳಿಗೂ ಹೋಗಿ, ವರದಿಯ ಕೊನೆಯಲ್ಲಿ ಬರೆಯುವ ಗುರುತಾಗಿ ಬಹುಕಾಲ ಉಳಿಯಿತು.

ಇದರಿಂದ ಎಷ್ಟು ಉಳಿತಾಯ? ಭೌತಶಾಸ್ತ್ರ ಓದಿದವನಿಗೆ ಲೆಕ್ಕ ಹಾಕದಿದ್ದರೆ ಸಮಾಧಾನವಿಲ್ಲ. ನೀವೂ ಒಂದು ಕಾಗದ ತೆಗೆದುಕೊಳ್ಳಿ. ಇಂದಿನ ಅಂತಾರಾಷ್ಟ್ರೀಯ ಮೋರ್ಸ್ ಪದ್ಧತಿಯಲ್ಲಿ ಒಂದು ಚುಕ್ಕೆಗೆ ಒಂದು ಮಾತ್ರೆ, ಒಂದು ಗೀಟಿಗೆ ಮೂರು ಮಾತ್ರೆ. ಅಕ್ಷರದೊಳಗಿನ ಬಿಡುವಿಗೆ ಒಂದು, ಎರಡು ಅಕ್ಷರಗಳ ನಡುವೆ ಮೂರು, ಎರಡು ಪದಗಳ ನಡುವೆ ಏಳು. 7 ಎಂದರೆ ಎರಡು ಗೀಟು, ಮೂರು ಚುಕ್ಕೆ. 3 ಎಂದರೆ ಮೂರು ಚುಕ್ಕೆ, ಎರಡು ಗೀಟು. ಒಂದೊಂದಕ್ಕೆ 13 ಮಾತ್ರೆ, ನಡುವಿನ ಬಿಡುವು 3, ಒಟ್ಟು 29. ಅದೇ ‘ಬೆಸ್ಟ್ ರಿಗಾರ್ಡ್ಸ್’ ಎಂದು ಇಂಗ್ಲಿಷಿನಲ್ಲಿ ಅಕ್ಷರ ಬಿಡಿಸಿ ಕಳಿಸಿದರೆ 93 ಮಾತ್ರೆ. ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ಶುಭಾಶಯ ಮುಟ್ಟಿತು. ಜೊತೆಗೆ, ಗಮನಿಸಿದಿರಾ? ಇಂದಿನ ಮೋರ್ಸಿನಲ್ಲಿ 73ನ್ನು ಹಿಂದಿನಿಂದ ಬಡಿದರೂ ಅದೇ ಸದ್ದು. ‘ವಿಕಟಕವಿ’ಯ ಹಾಗೆ. ಹ್ಯಾಮ್‌ಗಳಿಗೆ ಈ ಸಂಖ್ಯೆಯ ಮೇಲೆ ಇಷ್ಟು ಮೋಹವಿರುವುದಕ್ಕೆ ಆ ಲಯವೂ ಒಂದು ಕಾರಣವಿರಬೇಕು.

ಇದು ಎಲ್ಲೋ ದೂರದ ಸಂಗತಿ ಎಂದುಕೊಳ್ಳಬೇಡಿ. ನಿಮ್ಮ ಮನೆಯ ಹಿರಿಯರನ್ನು ಕೇಳಿ. ನಮ್ಮ ತಂತಿ ಕಚೇರಿಗಳಲ್ಲೂ ಶುಭಾಶಯದ ತಂತಿಗಳಿಗೆ ಸಂಖ್ಯೆಗಳಿದ್ದವು. ಮದುವೆಗೆ, ದೀಪಾವಳಿಗೆ, ಹೊಸ ವರ್ಷಕ್ಕೆ ಸಿದ್ಧ ಒಕ್ಕಣೆಗಳ ಪಟ್ಟಿಯೊಂದಿರುತ್ತಿತ್ತು. ಫಾರಂ ಮೇಲೆ ಸಂಖ್ಯೆ ಬರೆದರೆ ಸಾಕು, ಮದುವೆ ಮನೆಗೆ ಪೂರ್ತಿ ವಾಕ್ಯ ತಲುಪುತ್ತಿತ್ತು. ಭಾರತದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಆ ಸಂಖ್ಯೆಗಳೂ ಅದರೊಡನೆ ಹೋದವು. ಆದರೆ 73 ಮಾತ್ರ ಹವ್ಯಾಸಿಗಳ ಬಾಯಲ್ಲಿ ಇನ್ನೂ ಬದುಕಿದೆ.

ಇಷ್ಟು ಮುದ್ದಿನ ಮಾತು ಕಿರಿಕಿರಿಯಾಗುವುದು ಯಾವಾಗ? ಯಾರಾದರೂ ಅದಕ್ಕೆ ಇಂಗ್ಲಿಷಿನ ಬಹುವಚನ ಹಚ್ಚಿ ‘ಸೆವೆಂಟಿ ಥ್ರೀಸ್’ ಎಂದಾಗ. 73 ಎಂಬುದರಲ್ಲೇ ‘ಶುಭಾಶಯಗಳು’ ಎಂಬ ಬಹುವಚನ ಅಡಗಿದೆ. ಅದಕ್ಕೆ ಇನ್ನೊಂದು ಬಹುವಚನ ಸೇರಿಸಿದರೆ ‘ಶುಭಾಶಯಗಳುಗಳು’ ಎಂದ ಹಾಗಾಗುತ್ತದೆ. ಹಳೆಯ ಹ್ಯಾಮ್‌ಗಳು ಇದನ್ನು ಕೇಳಿ ಕಿವಿ ಮುಚ್ಚಿಕೊಳ್ಳುತ್ತಾರೆ. ನಮ್ಮಲ್ಲಿ ‘ಗೇಟು ಬಾಗಿಲು’ ಎಂದರೆ ಕನ್ನಡ ಮೇಷ್ಟರು ಮುಖ ಗಂಟಿಕ್ಕುವುದಿಲ್ಲವೇ? ಅದೇ ಬಗೆ. ‘88’ ಎಂಬ ಇನ್ನೊಂದು ಸಂಖ್ಯೆಯೂ ಇದೆ. ‘ಪ್ರೀತಿ, ಮುತ್ತುಗಳು’ ಎಂದು ಅರ್ಥ. ಅದನ್ನು ಯಾರಿಗೆ ಹೇಳುತ್ತೇವೆಂಬ ಬಗ್ಗೆ ಎಚ್ಚರವಿರುವುದು ಒಳ್ಳೆಯದು.

ಸಂಖ್ಯೆಗಳಿಗಿಂತ ದೊಡ್ಡ ಕುಟುಂಬ ‘ಕ್ಯೂ’ ಸಂಕೇತಗಳದು. ಕ್ಯೂ ಅಕ್ಷರದಿಂದ ಮೊದಲಾಗುವ ಮೂರಕ್ಷರದ ಗುಂಪುಗಳು ಇವು. ಬ್ರಿಟಿಷ್ ಹಡಗುಗಳಿಗಾಗಿ 1909ರ ಹೊತ್ತಿಗೆ ಸಿದ್ಧವಾದ ಇವನ್ನು 1912ರ ಲಂಡನ್ ಸಮ್ಮೇಳನ ಎಲ್ಲ ದೇಶಗಳಿಗೂ ಅನ್ವಯಿಸಿತು. ಗ್ರೀಕ್ ಹಡಗಿನವನಿಗೆ ಜಪಾನಿ ಬಾರದು, ಜಪಾನಿನವನಿಗೆ ಗ್ರೀಕ್ ಬಾರದು. ಆದರೆ ಒಬ್ಬ ‘ಕ್ಯೂ.ಟಿ.ಎಚ್.’ ಎಂದು ಬಡಿದು ಪ್ರಶ್ನಾರ್ಥಕ ಚಿಹ್ನೆ ಸೇರಿಸಿದರೆ ‘ನೀನು ಎಲ್ಲಿದ್ದೀಯ?’ ಎಂದಾಯಿತು. ಚಿಹ್ನೆಯಿಲ್ಲದೆ ಬಡಿದರೆ ‘ನಾನು ಇಲ್ಲಿದ್ದೇನೆ’ ಎಂದು ಉತ್ತರ. ‘ಕ್ಯೂ.ಆರ್.ಎಂ.’ ಎಂದರೆ ಬೇರೆ ನಿಲಯಗಳಿಂದ ಅಡಚಣೆ. ‘ಕ್ಯೂ.ಆರ್.ಎನ್.’ ಎಂದರೆ ಗುಡುಗು ಮಿಂಚಿನಂಥ ನೈಸರ್ಗಿಕ ಕರಕರ. ‘ಕ್ಯೂ.ಎಸ್.ಎಲ್.’ ಎಂದರೆ ‘ನಿನ್ನ ಸಂದೇಶ ಮುಟ್ಟಿತು’. ‘ಕ್ಯೂ.ಆರ್.ಟಿ.’ ಎಂದರೆ ‘ಕಳಿಸುವುದನ್ನು ನಿಲ್ಲಿಸು’. ಇದರಲ್ಲಿ ವ್ಯಾಕರಣದ ತೊಡಕಿಲ್ಲ, ಉಚ್ಚಾರದ ತಾಪತ್ರಯವಿಲ್ಲ. ಯಾವ ದೇಶದ ಭಾಷೆಯೂ ಮೇಲಲ್ಲ, ಯಾವುದೂ ಕೆಳಗಲ್ಲ. ನನ್ನನ್ನು ಕೇಳಿದರೆ ಇಪ್ಪತ್ತನೆಯ ಶತಮಾನದ ಅತ್ಯಂತ ಯಶಸ್ವಿ ವಿಶ್ವಭಾಷೆಗಳಲ್ಲಿ ಇದೂ ಒಂದು.

ಹ್ಯಾಮ್‌ಗಳು ಇದನ್ನು ಎರವಲು ಪಡೆದು ತಮ್ಮದಾಗಿಸಿಕೊಂಡರು. ಸಂಪರ್ಕ ಖಚಿತಪಡಿಸಲು ಪರಸ್ಪರ ಕಳಿಸುವ ಬಣ್ಣದ ಅಂಚೆ ಕಾರ್ಡಿಗೆ ‘ಕ್ಯೂ.ಎಸ್.ಎಲ್. ಕಾರ್ಡ್’ ಎಂದೇ ಹೆಸರಾಯಿತು. ಅಮೆರಿಕದ ಹ್ಯಾಮ್ ಸಂಘ 1915ರಲ್ಲಿ ಆರಂಭಿಸಿದ ಪತ್ರಿಕೆಯ ಹೆಸರೂ ‘ಕ್ಯೂ.ಎಸ್.ಟಿ.’ ಆ ಸಂಘದ ಸ್ಥಾಪಕರಲ್ಲೊಬ್ಬರಾದ ಹೈರಮ್ ಪರ್ಸಿ ಮ್ಯಾಕ್ಸಿಮ್, ‘ದಿ ಓಲ್ಡ್ ಮ್ಯಾನ್’ ಎಂಬ ಗುಪ್ತನಾಮದಲ್ಲಿ 1917ರಿಂದ ಅದರಲ್ಲಿ ಒಬ್ಬ ಸಿಡುಕು ಮುದುಕನ ಧಾಟಿಯಲ್ಲಿ ಬರೆಯುತ್ತಿದ್ದರು. ಅಡ್ಡಾದಿಡ್ಡಿ ಬಡಿಯುವವರು, ಕೇಳಿಸಿಕೊಳ್ಳದೆ ಕೂಗುವವರು, ಅರ್ಥವಿಲ್ಲದ ಸಂಕ್ಷೇಪಗಳನ್ನು ಉದುರಿಸುವವರು, ಎಲ್ಲರ ಮೇಲೂ ಅವರ ಹರಿತ ಹಾಸ್ಯ. ಇಂಥವರನ್ನು ಶಿಕ್ಷಿಸಲು ‘ವೂಫ್ ಹಾಂಗ್’ ಎಂಬ ಭಯಾನಕ ಆಯುಧವಿದೆಯೆಂದೂ ಬರೆದರು. ಆಮೇಲೆ ನಿಜವಾಗಿಯೇ ವಿಚಿತ್ರ ಆಕಾರದ ಮರದ ಸಾಧನವೊಂದು ಸಂಘದ ಕಚೇರಿಗೆ ಬಂದು ಸೇರಿತು. ಅದನ್ನು ಅಲ್ಲಿ ಭಕ್ತಿಯಿಂದ ಕಾಪಾಡಿಕೊಂಡು ಬಂದಿದ್ದಾರೆ! ಆ ಮುದುಕ ಮ್ಯಾಕ್ಸಿಮ್ ಅವರೇ ಎಂಬುದು ಓದುಗರಿಗೆ ಬಹಿರಂಗವಾದದ್ದು 1936ರಲ್ಲಿ ಅವರು ತೀರಿಕೊಂಡ ಮೇಲೆ. ಹವ್ಯಾಸಿಗಳ ಮಾತಿನ ಬಗ್ಗೆ ಹವ್ಯಾಸಿಗಳೇ ಸಿಡುಕುವುದು ಹೊಸದೇನಲ್ಲ ಎಂದು ತೋರಿಸಲು ಇಷ್ಟು ಸಾಕು.

ಕ್ಯೂ ಸಂಕೇತಗಳ ಮೇಲಿನ ಇಂದಿನ ತಕರಾರು ಬೇರೆ. ಬೆರಳಿನಿಂದ ಬಡಿಯುವಾಗ ಮೂರಕ್ಷರ ಉಳಿತಾಯ. ಮೈಕಿನ ಮುಂದೆ ಬಾಯಿಂದ ಮಾತನಾಡುವಾಗ? ‘ನಿಮ್ಮ ಊರು ಯಾವುದು?’ ಎನ್ನುವ ಬದಲು ‘ನಿಮ್ಮ ಕ್ಯೂ.ಟಿ.ಎಚ್. ಯಾವುದು?’ ಎಂದರೆ ಉಳಿದದ್ದೇನು? ಕನ್ನಡದಲ್ಲಿ ಹರಟುವ ನಮ್ಮ ಹ್ಯಾಮ್‌ಗಳೂ ಹೀಗೆಯೇ ಕೇಳುತ್ತಾರೆ. ಒಂದು ಗುಂಪಿನವರು ಇದನ್ನು ಅನಗತ್ಯ ಆಡಂಬರ ಎನ್ನುತ್ತಾರೆ. ಇನ್ನೊಂದು ಗುಂಪಿನವರು ಇದು ನಮ್ಮ ಮನೆಮಾತು ಎನ್ನುತ್ತಾರೆ. ನನಗೆ ಎರಡನೆಯವರ ಮೇಲೆ ಸ್ವಲ್ಪ ಕರುಣೆಯಿದೆ. ನಮ್ಮ ಟೆಲಿವಿಷನ್ ಸ್ಟುಡಿಯೋದಲ್ಲಿ ಫಿಲ್ಮಿನ ಬಳಕೆ ಎಂದೋ ಹೋದರೂ ‘ಫಿಲ್ಮಿಂಗ್’ ಎನ್ನುವವರಿದ್ದಾರೆ.

ಈಗ ‘ಓ.ಎಂ.’ ಎಂಬ ಎರಡಕ್ಷರದ ಮಾತು. ‘ಓಲ್ಡ್ ಮ್ಯಾನ್’ ಎಂಬುದರ ಸಂಕ್ಷೇಪ. ಪದಕ್ಕೆ ಪದ ಹಿಡಿದರೆ ‘ಮುದುಕ’ ಎಂದಾದೀತು, ಆದರೆ ಭಾವದಲ್ಲಿ ಅದು ‘ಗೆಳೆಯಾ’, ‘ಮಾರಾಯಾ’ ಎಂಬಂಥದ್ದು. ಇದನ್ನು ಹೇಳಬೇಕಾದರೆ 1912ರ ಏಪ್ರಿಲ್ 14ರ ರಾತ್ರಿಗೆ ಹೋಗಬೇಕು.

ಟೈಟಾನಿಕ್ ಹಡಗಿನ ನಿಸ್ತಂತು ಕೋಣೆಯಲ್ಲಿದ್ದವರು ಜ್ಯಾಕ್ ಫಿಲಿಪ್ಸ್ ಮತ್ತು ಹೆರಾಲ್ಡ್ ಬ್ರೈಡ್. ಫಿಲಿಪ್ಸ್‌ಗೆ 25 ತುಂಬಿ ಮೂರು ದಿನವಾಗಿತ್ತು, ಬ್ರೈಡ್‌ಗೆ 22. ಇವರು ಮಾರ್ಕೋನಿ ಕಂಪನಿಯ ಸಂಬಳದವರು, ಹವ್ಯಾಸಿಗಳಲ್ಲ. ಆದರೆ ಹ್ಯಾಮ್‌ಗಳ ಮಾತಿನ ದೊಡ್ಡ ಪಾಲು ಇಂಥ ನೌಕರರಿಂದಲೇ ಬಂದದ್ದು. ಫಿಲಿಪ್ಸ್ ಆ ರಾತ್ರಿ ಕೇಪ್ ರೇಸ್ ಎಂಬ ದೂರದ ಕರಾವಳಿ ನಿಲಯಕ್ಕೆ ಪ್ರಯಾಣಿಕರ ಖಾಸಗಿ ಸಂದೇಶಗಳ ರಾಶಿಯನ್ನು ಕಳಿಸುತ್ತಿದ್ದರು. ಕೇಪ್ ರೇಸಿನ ಸದ್ದು ಕ್ಷೀಣ. ಆ ಹೊತ್ತಿಗೆ ಸುಮಾರು 20 ಮೈಲಿಯೊಳಗೆ ನಿಂತಿದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗಿನಿಂದ ಸಿರಿಲ್ ಇವಾನ್ಸ್ ಎಂಬ 20ರ ತರುಣ ಕರೆದರು. ಸಲಿಗೆಯಿಂದ ‘ಓಲ್ಡ್ ಮ್ಯಾನ್’ ಎಂದು ಸಂಬೋಧಿಸಿ, ನಮ್ಮ ಹಡಗು ನಿಂತಿದೆ, ಸುತ್ತಲೂ ಹಿಮಗಡ್ಡೆ ಎಂದು ತಿಳಿಸಿದರು. ಹತ್ತಿರದ ಹಡಗಾದ್ದರಿಂದ ಆ ಸದ್ದು ಫಿಲಿಪ್ಸ್ ಕಿವಿಗೆ ಬಾಂಬಿನಂತೆ ಬಡಿದಿರಬೇಕು. ಸುಮ್ಮನಿರು, ನನಗೆ ಕೆಲಸವಿದೆ ಎಂದು ಅವರು ಗದರಿದರು. ಇವಾನ್ಸ್ ಸ್ವಲ್ಪ ಹೊತ್ತು ಕೇಳಿಸಿಕೊಂಡು, ರಾತ್ರಿ 11.30ರ ಸುಮಾರಿಗೆ ಯಂತ್ರ ನಿಲ್ಲಿಸಿ ಮಲಗಿದರು. 11.40ಕ್ಕೆ ಟೈಟಾನಿಕ್ ಹಿಮಬಂಡೆಗೆ ಬಡಿಯಿತು.

ಆಮೇಲೆ ವಿಚಾರಣೆಯಲ್ಲಿ, ಆ ಗದರಿಕೆಯನ್ನು ತಾನು ಅವಮಾನವೆಂದು ಭಾವಿಸಲಿಲ್ಲ ಎಂದು ಇವಾನ್ಸ್ ಹೇಳಿದರು. ನೌಕರರ ನಡುವೆ ಅದು ದಿನನಿತ್ಯದ ಮಾತು. ಆದರೆ ಇಲ್ಲಿ ಇನ್ನೊಂದು ಸಂಗತಿಯಿದೆ. ಹಡಗಿನ ಕ್ಯಾಪ್ಟನ್‌ಗೆ ಮುಟ್ಟಿಸಲೇಬೇಕಾದ ಅಧಿಕೃತ ಸಂದೇಶಕ್ಕೆ ‘ಎಂ.ಎಸ್.ಜಿ.’ ಎಂಬ ಮುಂಗುರುತು ಹಾಕುವ ಪದ್ಧತಿಯಿತ್ತು. ಆ ಗುರುತಿದ್ದರೆ ಕೈಯಲ್ಲಿನ ಕೆಲಸ ಬಿಟ್ಟು ಅದನ್ನು ತೆಗೆದುಕೊಳ್ಳಬೇಕು. ಇವಾನ್ಸ್ ಸಂದೇಶದಲ್ಲಿ ಆ ಮೂರಕ್ಷರ ಇರಲಿಲ್ಲ, ಗೆಳೆತನದ ಮಾತಷ್ಟೇ ಇತ್ತು. ಆ ಮೂರಕ್ಷರವಿದ್ದಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತೇ? ಖಚಿತವಾಗಿ ಹೇಳಲು ಯಾರಿಂದಲೂ ಆಗದು. ಅಂದು ಟೈಟಾನಿಕ್‌ಗೆ ಬೇರೆ ಹಡಗುಗಳಿಂದಲೂ ಹಿಮದ ಎಚ್ಚರಿಕೆಗಳು ಬಂದಿದ್ದವು, ಹಡಗು ವೇಗ ತಗ್ಗಿಸಿರಲಿಲ್ಲ.

ಅದೇ ‘ಓ.ಎಂ.’ ಒಂದು ಗಂಟೆ ಕಳೆಯುವುದರೊಳಗೆ ಮತ್ತೆ ಬಂತು. ಕಾರ್ಪೇಥಿಯಾ ಹಡಗಿನ ಹೆರಾಲ್ಡ್ ಕಾಟಮ್‌ಗೆ ಆಗ 21 ವರ್ಷ. ನಿಮಗೆ ಕರಾವಳಿ ನಿಲಯದಲ್ಲಿ ಸಂದೇಶಗಳು ಕಾದಿವೆ ಎಂದು ತಿಳಿಸಲು ಅವರು ಟೈಟಾನಿಕ್ಕನ್ನು ಸಹಜವಾಗಿ ಕರೆದರು. ಫಿಲಿಪ್ಸ್ ಉತ್ತರ ಹೀಗಿತ್ತು: ಕೂಡಲೇ ಬನ್ನಿ, ಹಿಮಬಂಡೆಗೆ ಬಡಿದಿದ್ದೇವೆ, ಇದು ಸಿ.ಕ್ಯೂ.ಡಿ., ಓ.ಎಂ. ಆಗಿನ ಅಪಾಯ ಸಂಕೇತ ‘ಸಿ.ಕ್ಯೂ.ಡಿ.’ ಇದನ್ನು ಮಾರ್ಕೋನಿ ಕಂಪನಿ 1904ರಲ್ಲಿ ಜಾರಿಗೆ ತಂದಿತ್ತು. ‘ಸಿ.ಕ್ಯೂ.’ ಎಂದರೆ ಎಲ್ಲ ನಿಲಯಗಳಿಗೂ ಕರೆ. ಹ್ಯಾಮ್‌ಗಳು ಇಂದಿಗೂ ಅಪರಿಚಿತರನ್ನು ಮಾತಿಗೆ ಕರೆಯುವುದು ಇದರಿಂದಲೇ. ‘ಎಸ್.ಓ.ಎಸ್.’ ಎಂಬ ಹೊಸ ಸಂಕೇತ 1908ರಿಂದ ಅಂತಾರಾಷ್ಟ್ರೀಯವಾಗಿ ಜಾರಿಯಲ್ಲಿದ್ದರೂ ಮಾರ್ಕೋನಿಯವರು ಹಳೆಯದನ್ನು ಬಿಟ್ಟಿರಲಿಲ್ಲ. ಅದನ್ನೂ ಕಳಿಸಿ ನೋಡು ಎಂದು ಬ್ರೈಡ್ ಅರ್ಧ ತಮಾಷೆಯಾಗಿ ಹೇಳಿದರು, ಫಿಲಿಪ್ಸ್ ಎರಡನ್ನೂ ಕಳಿಸಿದರು. ಅಂದ ಹಾಗೆ ಎಸ್.ಓ.ಎಸ್. ಎಂದರೆ ‘ನಮ್ಮ ಆತ್ಮಗಳನ್ನು ಉಳಿಸಿ’ ಎಂದು ರಸಪ್ರಶ್ನೆಯಲ್ಲಿ ಬರೆಯಬೇಡಿ. ಅದಕ್ಕೆ ಯಾವ ವಿಸ್ತೃತ ರೂಪವೂ ಇಲ್ಲ. ಮೂರು ಚುಕ್ಕೆ, ಮೂರು ಗೀಟು, ಮೂರು ಚುಕ್ಕೆ ಯಾರ ಕಿವಿಯನ್ನೂ ತಪ್ಪಿಸಿಕೊಳ್ಳಲಾರದೆಂದು ಆರಿಸಿದ್ದು.

ಕಾರ್ಪೇಥಿಯಾ ಬಂದು ಏಳುನೂರಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡಿತು. ಸುಮಾರು 1500 ಮಂದಿ ಸತ್ತರು, ಫಿಲಿಪ್ಸ್ ಅವರಲ್ಲೊಬ್ಬರು. ಸಾವಿನ ಅಂಚಿನಲ್ಲಿ ನಿಂತ 25ರ ಯುವಕ, 21ರ ಯುವಕನನ್ನು ‘ಓಲ್ಡ್ ಮ್ಯಾನ್’ ಎಂದು ಕರೆದ. ಎರಡಕ್ಷರ ಉಳಿಸುವ ಆತುರದಲ್ಲೂ ಆ ಎರಡಕ್ಷರ ಬಿಡಲಿಲ್ಲ.

ಇಷ್ಟು ಹೃದ್ಯವಾದ ಮಾತಿಗೂ ಒಂದು ಕೊರತೆ ಇದೆ. ಓಲ್ಡ್ ಮ್ಯಾನ್ ಗಂಡಸರಿಗಾಯಿತು. ಹೆಂಗಸರು? ಅವರಿಗೆ ‘ವೈ.ಎಲ್.’, ಅಂದರೆ ‘ಯಂಗ್ ಲೇಡಿ’. ಎಂಬತ್ತು ವರ್ಷದ ಅಜ್ಜಿಯೂ ಹ್ಯಾಮ್ ಲೋಕದಲ್ಲಿ ವೈ.ಎಲ್. ಕೆಲವರಿಗೆ ಇದು ಹಿತ. ಆದರೆ ಹ್ಯಾಮ್ ಮದುವೆಯಾದ ಹೆಂಡತಿಗೆ ‘ಎಕ್ಸ್.ವೈ.ಎಲ್.’ ಎಂದರು. ‘ಮಾಜಿ ಯುವತಿ’! ಇದನ್ನು ತಮಾಷೆ ಎಂದು ದಶಕಗಳ ಕಾಲ ಹೇಳಿಕೊಂಡು ಬಂದರು. ತಮಾಷೆಯ ಕೊರಡು ಯಾರ ಬೆನ್ನ ಮೇಲೆ ಬಿತ್ತು ಎಂದು ಕೇಳುವವರು ಕಡಿಮೆ. ಗಂಡಸಿಗೆ ‘ಎಕ್ಸ್’ ಸೇರಿಸಿದ ಮಾತು ರೂಢಿಗೆ ಬಂದದ್ದನ್ನು ನಾನಂತೂ ಕೇಳಿಲ್ಲ. 1939ರಲ್ಲಿ ಅಮೆರಿಕದ ಎಥೆಲ್ ಸ್ಮಿತ್ ಎಂಬ ಹ್ಯಾಮ್ ಮುಂದಾಗಿ ಮಹಿಳೆಯರ ರೇಡಿಯೋ ಕೂಟ ಕಟ್ಟಿದರು. ಅವರು ತಮ್ಮದೇ ಸಂಖ್ಯೆಯೊಂದನ್ನು ಮಾಡಿಕೊಂಡರು: ‘33’. ಒಬ್ಬ ಹೆಣ್ಣು ಇನ್ನೊಬ್ಬ ಹೆಣ್ಣಿಗೆ ಹೇಳುವ, ಸ್ನೇಹದ ಮುದ್ರೆಯೊತ್ತಿದ ಪ್ರೀತಿ ಎಂದು ಅದರ ಅರ್ಥ. 73 ಗಂಡಸರ ಕಚೇರಿಯಿಂದ ಬಂದ ಗೌರವ, 88 ಚೇಷ್ಟೆಗೆ ಎಡೆ ಕೊಡುವ ಮಾತು. ಎರಡೂ ಒಗ್ಗದಿದ್ದವರು ಮೂರನೆಯದನ್ನು ಹುಟ್ಟಿಸಿದರು. ಪರಿಭಾಷೆ ಬೇಲಿಯಾದಾಗ ಬೇಲಿಯೊಳಗೆ ತಮ್ಮ ಬಾಗಿಲು ಕೊರೆದುಕೊಂಡರು ಎನ್ನಬಹುದು.

ಹ್ಯಾಮ್‌ಗಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವ ಮಾತುಗಳು ಹೊರಗಿನಿಂದ ಬಂದವು. 1958ರಲ್ಲಿ ಅಮೆರಿಕ ಸರ್ಕಾರ ಹ್ಯಾಮ್‌ಗಳು ಬಳಸುತ್ತಿದ್ದ 11 ಮೀಟರಿನ ತರಂಗಪಟ್ಟಿಯನ್ನು ಕಿತ್ತು ‘ಸಿಟಿಜನ್ಸ್ ಬ್ಯಾಂಡ್’ ಎಂಬ ಸಾರ್ವಜನಿಕ ಸೇವೆಗೆ ಕೊಟ್ಟಿತು. ಅದಕ್ಕೆ ಪರೀಕ್ಷೆಯಿಲ್ಲ, ಮೋರ್ಸ್ ಇಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಲಾರಿ ಚಾಲಕರು ಇದನ್ನು ಮುಗಿಬಿದ್ದು ಬಳಸಿದರು. ‘ಟೆನ್ ಫೋರ್’, ‘ಗುಡ್ ಬಡ್ಡಿ’ ಎಂಬ ಅವರ ಮಾತುಗಳು ಸಿನಿಮಾ, ಹಾಡುಗಳಲ್ಲೂ ಮೊಳಗಿದವು. ಹ್ಯಾಮ್ ಬ್ಯಾಂಡಿನಲ್ಲಿ ಯಾರಾದರೂ ‘ಟೆನ್ ಫೋರ್’ ಎಂದರೆ ಹಳಬರು ಇಂದಿಗೂ ಮುಖ ಸಿಂಡರಿಸುತ್ತಾರೆ. ಮಾತಿನಲ್ಲಿ ತಪ್ಪೇನೂ ಇಲ್ಲ, ಅಮೆರಿಕದ ಪೊಲೀಸರಿಂದ ಬಂದ ಸಭ್ಯ ಸಂಕೇತವೇ. ಕೋಪ ಇರುವುದು ಕಳೆದುಕೊಂಡ ಜಾಗದ ಮೇಲೆ. ಒಂದು ಪದ ಕೇಳಿ ಯಾರಿಗಾದರೂ ಅತಿಯಾಗಿ ರೇಗಿದರೆ ಅದರ ಹಿಂದೆ ಇಂಥದೊಂದು ಜಮೀನು ವ್ಯಾಜ್ಯ ಇರಬಹುದೇ ಎಂದು ಹುಡುಕಿ ನೋಡಿ.

ನಾಟಕ, ಧಾರಾವಾಹಿಗಳನ್ನು ಬರೆಯುವ ಮಿತ್ರರಿಗೆ ಇಲ್ಲೊಂದು ಬಿನ್ನಹ. ‘ರೋಜರ್’ ಎಂಬುದು ‘ಸಂದೇಶ ಮುಟ್ಟಿತು’ ಎಂಬ ಇಂಗ್ಲಿಷ್ ಪದದ ಮೊದಲಕ್ಷರಕ್ಕೆ ಎರಡನೆಯ ಮಹಾಯುದ್ಧದ ಕಾಲದ ಉಚ್ಚಾರಪಟ್ಟಿಯಲ್ಲಿದ್ದ ಹೆಸರು. ‘ಒಪ್ಪಿದೆ’ ಎಂದಲ್ಲ. ‘ಓವರ್’ ಎಂದರೆ ನನ್ನ ಮಾತಾಯಿತು, ನಿನ್ನ ಉತ್ತರಕ್ಕೆ ಕಾಯುತ್ತಿದ್ದೇನೆ. ‘ಔಟ್’ ಎಂದರೆ ಮಾತು ಮುಗಿಯಿತು, ಉತ್ತರ ಬೇಡ. ನಮ್ಮ ಪರದೆಯ ಇನ್ಸ್‌ಪೆಕ್ಟರುಗಳೆಲ್ಲ ಗಂಭೀರವಾಗಿ ‘ಓವರ್ ಅಂಡ್ ಔಟ್’ ಎನ್ನುತ್ತಾರೆ. ‘ಹೇಳಿ, ಕೇಳುತ್ತಿದ್ದೇನೆ’ ಎಂದು ಫೋನ್ ಇಟ್ಟ ಹಾಗೆ!

ಹ್ಯಾಮ್‌ಗಳ ಒಳಗೇ ಇರುವ ಕಿರಿಕಿರಿಯೊಂದು ‘ಐವತ್ತೊಂಬತ್ತು’. ಸಂಕೇತ ಎಷ್ಟು ಸ್ಪಷ್ಟ ಎಂಬುದಕ್ಕೆ 1ರಿಂದ 5, ಎಷ್ಟು ಪ್ರಬಲ ಎಂಬುದಕ್ಕೆ 1ರಿಂದ 9 ಅಂಕ ಕೊಡುವ ಪದ್ಧತಿಯಿದೆ. ‘59’ ಎಂದರೆ ಪೂರ್ಣಾಂಕ. ಸ್ಪರ್ಧೆಗಳಲ್ಲಿ ಅವಸರಕ್ಕೆ ಎಲ್ಲರೂ ಎಲ್ಲರಿಗೂ 59 ಕೊಡುತ್ತಾರೆ. ‘ನೀವು 59, ಬಹಳ ಸ್ಪಷ್ಟ. ನಿಮ್ಮ ಕರೆಸಂಕೇತವನ್ನು ದಯವಿಟ್ಟು ಇನ್ನೊಮ್ಮೆ ಹೇಳಿ, ಕೇಳಿಸಲಿಲ್ಲ!’

ಮುದ್ದಿನ ಮಾತುಗಳೂ ಇವೆ. ಹೊಸಬರಿಗೆ ಕೈಹಿಡಿದು ಕಲಿಸುವ ಹಿರಿಯನಿಗೆ ‘ಎಲ್ಮರ್’ ಎನ್ನುತ್ತಾರೆ. ಎಲ್ಮರ್ ಎಂಬ ನಿಜವಾದ ಹ್ಯಾಮ್ ಒಬ್ಬರನ್ನು 1971ರಲ್ಲಿ ಕ್ಯೂ.ಎಸ್.ಟಿ. ಪತ್ರಿಕೆಯ ಅಂಕಣಕಾರರೊಬ್ಬರು ಕೃತಜ್ಞತೆಯಿಂದ ನೆನೆದರು, ಅಂದಿನಿಂದ ಆ ಹೆಸರು ಗುರುವಿನ ಪದವಿಯಾಯಿತು. ತೀರಿಕೊಂಡ ಹ್ಯಾಮ್‌ಗೆ ‘ಸೈಲೆಂಟ್ ಕೀ’ ಎನ್ನುತ್ತಾರೆ, ಸದ್ದಡಗಿದ ಮೋರ್ಸ್ ಕೀ. 2003ರ ಜಾಗತಿಕ ರೇಡಿಯೋ ಸಮ್ಮೇಳನವು ಹ್ಯಾಮ್‌ಗಳಿಗೆ ಮೋರ್ಸ್ ಕಡ್ಡಾಯ ಮಾಡಬೇಕೋ ಬೇಡವೋ ಎಂಬುದನ್ನು ಆಯಾ ದೇಶಗಳಿಗೆ ಬಿಟ್ಟಿತು. ಮೋರ್ಸ್ ಕಲಿಯದೆಯೇ ಬಂದ ತಲೆಮಾರಿನವರೂ ಸತ್ತವರನ್ನು ಈ ಹೆಸರಿನಿಂದಲೇ ನೆನೆಯುತ್ತಾರೆ. ಇದನ್ನು ಬದಲಿಸಬೇಕೆಂದು ಯಾರೂ ಹಟ ಹಿಡಿದಂತಿಲ್ಲ.

ಭಾರತದಲ್ಲಿ ಈ ಹವ್ಯಾಸ 1921ರಲ್ಲಿ ಕಲ್ಕತ್ತೆಯ ಅಮರೇಂದ್ರ ಚಂದ್ರ ಗೂಪ್ತು ಅವರಿಂದ ಮೊದಲಾಯಿತೆಂದು ಲೆಕ್ಕ. ನಮ್ಮ ಕನ್ನಡನಾಡಿನಿಂದ ಬಂದ ಕಾಣಿಕೆ ಬೇರೆ ಬಗೆಯದು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಒಂದು ಖಾಸಗಿ ಬಾನುಲಿ ನಿಲಯ ಆರಂಭಿಸಿದರು. ಇದು ಹ್ಯಾಮ್ ನಿಲಯವಲ್ಲ, ಹಾಡು, ಭಾಷಣ ಕೇಳಿಸುವ ಪ್ರಸಾರ. ಆದರೆ ಆಸಕ್ತಿಯೊಂದನ್ನೇ ಬಂಡವಾಳ ಮಾಡಿಕೊಂಡು ಮನೆಯಿಂದ ಹೊರಟದ್ದು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರಿಟ್ಟರು. ಈ ಹೆಸರಿನೊಡನೆ ನಾ. ಕಸ್ತೂರಿ ಅವರನ್ನೂ ನೆನೆಯುವುದುಂಟು. ಸ್ವಾತಂತ್ರ್ಯಾನಂತರ ಆಲ್ ಇಂಡಿಯಾ ರೇಡಿಯೋ ಅದೇ ಹೆಸರನ್ನು ಸ್ವೀಕರಿಸಿತು. 2023ರಲ್ಲಿ ಇಂಗ್ಲಿಷ್ ಪ್ರಸಾರದಲ್ಲೂ ಹಳೆಯ ಹೆಸರು ಬಿಟ್ಟು ಆಕಾಶವಾಣಿ ಎಂದೇ ಹೇಳಬೇಕೆಂಬ ಆದೇಶವಾಯಿತು. ಮೈಸೂರಿನ ಒಂದು ಮನೆಯ ಮಾತು ದೇಶದ ಮಾತಾಯಿತು. ಸಂಕ್ಷೇಪವಲ್ಲ, ಗುಟ್ಟಲ್ಲ, ಕೇಳಿದವರಿಗೆಲ್ಲ ಕೂಡಲೇ ತಿಳಿಯುವ ಪದ. ಅದು ಗೆದ್ದದ್ದಕ್ಕೆ ಅದೇ ಕಾರಣ ಎಂದು ನನ್ನ ಎಣಿಕೆ.

ಕೊನೆಯದಾಗಿ ನಮ್ಮ ಸಮುದ್ರದ ಒಂದು ಘಟನೆ. ಅಂಡಮಾನ್ ದ್ವೀಪಗಳಿಂದ ಹ್ಯಾಮ್ ಪ್ರಸಾರ 1987ರ ನಂತರ ನಡೆದಿರಲಿಲ್ಲ. 2004ರ ಡಿಸೆಂಬರಿನಲ್ಲಿ ಹೈದರಾಬಾದಿನ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಅನುಮತಿ ಪಡೆದು ಪೋರ್ಟ್‌ಬ್ಲೇರಿನಿಂದ ಮಾತನಾಡತೊಡಗಿದರು. ‘ವಿ.ಯು. 4’ ಎಂಬ ಅಪರೂಪದ ಸಂಕೇತ ಕೇಳಿಸಿದ್ದೇ ತಡ, ಜಗತ್ತಿನ ಸಾವಿರಾರು ಹ್ಯಾಮ್‌ಗಳು ಒಮ್ಮೆಗೇ ಮೇಲೆ ಬಿದ್ದು ಕರೆದರು. ಇಂಥ ನೂಕುನುಗ್ಗಲಿಗೆ ‘ಪೈಲ್ ಅಪ್’ ಎಂದು ಹೆಸರು. ಮೂರು ವಾರ ಬರೀ ಕರೆಸಂಕೇತ, 59, 73. ಡಿಸೆಂಬರ್ 26ರ ಬೆಳಿಗ್ಗೆ ನೆಲ ನಡುಗಿತು, ಸುನಾಮಿ ಬಂತು. ದ್ವೀಪಗಳ ದೂರವಾಣಿ ಸಂಪರ್ಕ ಬಹುಮಟ್ಟಿಗೆ ಕಡಿದುಹೋಯಿತು.

ಅದೇ ಯಂತ್ರ, ಅದೇ ಆಂಟೆನಾ, ಅದೇ ದನಿ. ಪೈಲ್ ಅಪ್ ನಿಂತಿತು. ಭಾರತಿ ಅವರು ಮುಖ್ಯಭೂಮಿಯ ಹ್ಯಾಮ್‌ಗಳೊಡನೆ ಸಂಪರ್ಕ ಸಾಧಿಸಿ ದ್ವೀಪದ ಸ್ಥಿತಿಯನ್ನು, ಅಲ್ಲಿದ್ದವರ ಕ್ಷೇಮ ಸಮಾಚಾರವನ್ನು ಮುಟ್ಟಿಸತೊಡಗಿದರು. ತಂಡದವರು ಕಾರ್ ನಿಕೋಬಾರಿಗೂ ಹೋಗಿ ನಿಲಯ ಹೂಡಿದರು. ಇಂಥ ಹೊತ್ತಿನಲ್ಲಿ ಬೇಕಾಗುವುದು ಮನುಷ್ಯರ ಹೆಸರು, ಊರಿನ ಹೆಸರು, ‘ಕ್ಷೇಮ’ ಎಂಬ ಒಂದು ಮಾತು. ತಾಯಿಯೊಬ್ಬಳಿಗೆ ಮಗನ ಸುದ್ದಿ ಹೇಳುವಾಗ ಕ್ಯೂ.ಟಿ.ಎಚ್. ಎಂದರೆ ಪ್ರಯೋಜನವಿಲ್ಲ. ಆದರೆ ಆ ಕೆಲಸ ನಡೆಯುತ್ತಿರುವಾಗ ಉಳಿದವರು ದಾರಿ ಬಿಡಬೇಕಲ್ಲ, ಅದಕ್ಕೆ ಬೇಕಾದದ್ದು 1912ರ ಆ ಹಳೆಯ ಮೂರಕ್ಷರಗಳೇ. ‘ಕ್ಯೂ.ಆರ್.ಎಂ. ಬೇಡ’ ಎಂದರೆ ಯಾವ ದೇಶದ ಹ್ಯಾಮ್‌ಗೂ ಅನುವಾದ ಬೇಕಾಗಿಲ್ಲ.

2006ರ ಏಪ್ರಿಲಿನಲ್ಲಿ ದೇಶ ವಿದೇಶದ ಹ್ಯಾಮ್‌ಗಳು ಪೋರ್ಟ್‌ಬ್ಲೇರಿನಲ್ಲಿ ಸೇರಿದರು. ವಿ.ಯು. 4 ಮತ್ತೆ ಕೇಳಿಸಿತು, ಪೈಲ್ ಅಪ್ ಮತ್ತೆ ಎದ್ದಿತು. ಕರಕರ ಸದ್ದಿನ ನಡುವೆ ಅರ್ಧಂಬರ್ಧ ಕೇಳಿಸಿದವರಿಗೂ ಎಂದಿನಂತೆ ಸಿಕ್ಕಿದ್ದು ಐವತ್ತೊಂಬತ್ತೇ.